ಹದಿನಾಲ್ಕು ಹೆಜ್ಜೆಯ ಇಳಿಜಾರು

ಎಡಗಾಲಿ ಕಿರ್ ಎನ್ನುತ್ತಿದೆ, ಎಣ್ಣೆ ಬಿಡಬೇಕು, ಅದನ್ನೂ ನಾನೇ ಬಿಡಬೇಕು, ಬೆಳಗ್ಗೆಯಿಂದ ಇದು ಹನ್ನೊಂದನೇ ಗಾಲಿಕುರ್ಚಿ, ಮಂಡಿ ಆಗಲೇ ಸಾಕೆನ್ನುತ್ತಿದೆ — ವ್ಯಾಪಾರ ಮುಚ್ಚಿ ಹಾಯಾಗಿ ಕೂರಬೇಕಾದವನು, ಊರು ಇಷ್ಟೆಲ್ಲ ಕೊಟ್ಟಿದೆ, ನಾನೂ ಏನಾದರೂ ಕೊಡೋಣ ಎಂದು ವಾರ್ಡ್ ಸಮಿತಿ ಸೇರಿದೆ, ಆಸ್ಪತ್ರೆಯ ಮೆಟ್ಟಿಲ ಪಕ್ಕ ಇಳಿಜಾರು ಬೇಕು ಎಂದರು, ಅಳತೆಗೆ ಎಂಜಿನಿಯರ್ ಬರಲಿ ಎಂದರು, ಅವನೇನು ಹೇಳುತ್ತಾನೆ, ನಲವತ್ತು ವರ್ಷ ಕಾಗದದ ಗೋದಾಮು ನಡೆಸಿದವನಿಗೆ ಇಳಿಜಾರು ಗೊತ್ತಿಲ್ಲವೇ, ಗೋದಾಮಿನ ಅಳತೆಯನ್ನೇ ಕೊಟ್ಟು ಒಂದೇ ವಾರದಲ್ಲಿ ಕಟ್ಟಿಸಿದೆ, ರಿಬ್ಬನ್ನೂ ನಾನೇ ಕತ್ತರಿಸಿದೆ. ಮರುದಿನ ಮೊದಲ ಗಾಲಿಕುರ್ಚಿ ಅರ್ಧಕ್ಕೆ ಹೋಗಿ ಹಿಂದಕ್ಕೆ ಜಾರಿತು, ನರ್ಸ್ ಹಿಡಿಯದಿದ್ದರೆ — ಬೇಡ, ನೆನೆಯಬಾರದು. ಒಡೆದು ಕಟ್ಟಿಸುತ್ತೇನೆ ಎಂದರೆ ಕಚೇರಿಯ ಗುಮಾಸ್ತ ನಗುತ್ತಾನೆ, ಕಟ್ಟಿದ್ದಕ್ಕೇ ಅನುಮತಿ ಇಲ್ಲ ಯಜಮಾನ್ರೇ, ದಾಖಲೇಲಿ ಇಲ್ದೇ ಇರೋದನ್ನ ಒಡೆಯೋಕೆ ಹೆಂಗ್ ಅನುಮತಿ ಕೊಡೋದು. ಅದಕ್ಕೇ ಒಂಬತ್ತರಿಂದ ಒಂದರವರೆಗೆ ನಾನೇ ನಿಂತು ತಳ್ಳುತ್ತೇನೆ, ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಲೇ ಹೆಂಡತಿ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ.

ಆರು, ಏಳು ಹೆಜ್ಜೆ, ಇನ್ನೂ ಅರ್ಧ ಇದೆ, ಇವನು ಭಾರ — ಗೂಳಿ, ಎಲ್ಲರೂ ಹಾಗೇ ಕರೆಯುತ್ತಿದ್ದೆವು, ನಮ್ಮ ಹಮಾಲಿ, ಮೂವತ್ತು ವರ್ಷ ಬಂಡಲು ತುಂಬಿದ ಗಾಡಿ ತಳ್ಳಿದವನು, ಸೊಂಟ ಹೋಯಿತೆಂದು ಕೆಲಸ ಬಿಟ್ಟ, ಬಿಟ್ಟನೋ ನಾನೇ ಬಿಡಿಸಿದೆನೋ, ಇವತ್ತು ಸರದಿಯಲ್ಲಿ ಕಂಡಾಗ ಮುಖ ತಿರುಗಿಸಿಬಿಡೋಣ ಅನ್ನಿಸಿತು, ಅವನೇ ನಕ್ಕ, ಯಜಮಾನ್ರೇ, ಇದು ನಮ್ ಗೋದಾಮಿನ ಇಳಿಜಾರಲ್ವಾ. ನಿನಗೆ ಹೇಗೆ ಗೊತ್ತಾಯ್ತೋ, ಎಂದೆ. ಸೊಂಟಕ್ಕೆ ಗೊತ್ತಾಗುತ್ತೆ ಬಿಡಿ. ಇಷ್ಟು ಕಡಿದಾಗಿದೆ ಅಂತ ನೀನು ಆಗ್ಲೇ ಹೇಳ್ಬಾರ್ದಾಗಿತ್ತಾ. ನೀವು ಕೇಳ್ಲಿಲ್ವಲ್ಲ. ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು — ಗೋದಾಮಿನಲ್ಲಿ ನನ್ನ ಮೇಜು ಇಳಿಜಾರಿನ ಮೇಲ್ತುದಿಯಲ್ಲಿತ್ತು, ಫ್ಯಾನಿನ ಕೆಳಗೆ, ಅಲ್ಲಿಂದ ಮೊದಲು ಬಂಡಲು ಕಾಣುತ್ತಿತ್ತು, ಆಮೇಲೆ ಹಿಡಿಯ ಮೇಲೆ ಬಿಗಿದ ಎರಡು ಕೈ, ಮುಖ ನೋಡಿದ ನೆನಪಿಲ್ಲ, ಬೇಗ ಬೇಗ ಎಂದು ಕೂಗಿದ್ದು ನೆನಪಿದೆ, ನಾಚಿಕೆಯಾಗುತ್ತಿದೆ, ಈ ವಯಸ್ಸಿಗೆ — ಒಂಬತ್ತನೇ ಹೆಜ್ಜೆ, ಕುರ್ಚಿ ನಿಂತುಬಿಟ್ಟಿತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ, ಜಾರಿದರೆ ಇಬ್ಬರೂ ಹೋದೆವು, ಯಾರಾದರೂ ಬನ್ನಿ ಎನ್ನಲು ಉಸಿರಿಲ್ಲ, ಹೆದರ್ಬೇಡಿ ಯಜಮಾನ್ರೇ, ನಾನಿದೀನಿ, ಯಾರು ಯಾರಿಗೆ ಹೇಳಬೇಕಾದ ಮಾತು, ಅವನ ತೊಡೆಯ ಮೇಲಿದ್ದ ಕೈಗಳು ಇಳಿದು ಗಾಲಿಗಳನ್ನು ಹಿಡಿದವು, ಗಂಟುಗಟ್ಟಿದ ಬೆರಳು, ಬಿಳಿಚಿದ ಉಗುರು, ಮತ್ತೆ ನನ್ನ ಭಾರವನ್ನೇ ತಳ್ಳುತ್ತಿವೆ, ಆ ಎರಡು ಕೈ, ಆ ಎರಡು ಕೈ