ಬೆಳ್ಳಗೇ ಉಳಿದ ಫಿಲ್ಟರ್

ಕಲ್ಲುಗಣಿಯ ಗ್ಯಾರೇಜಿನಲ್ಲಿ ಸ್ಪೇರ್‌ಪಾರ್ಟ್ಸ್ ಕೋಣೆ ನನ್ನ ಸುಪರ್ದಿನಲ್ಲಿತ್ತು. ಅಲ್ಲಿ ಧೂಳು ನುಗ್ಗದ ಜಾಗವೇ ಇಲ್ಲ. ಮುಚ್ಚಿಟ್ಟ ಡಬ್ಬಿಯ ಸಕ್ಕರೆಯೂ ಹಲ್ಲಿಗೆ ಕರಕರ ಅನ್ನುತ್ತದೆ. ಲಾರಿಗಳ ಏರ್ ಫಿಲ್ಟರ್‌ಗಳು ವಾರ ತುಂಬುವಷ್ಟರಲ್ಲಿ ಕಟ್ಟಿಕೊಳ್ಳುತ್ತಿದ್ದವು. ಫಿಲ್ಟರ್ ಕಟ್ಟಿದೆ ಅಂತ ಡ್ರೈವರ್ ಮುಂದಿನ ದೀಪ ಕೆಂಪಾದರೆ ಸಾಕು, ಹೊಸ ಫಿಲ್ಟರ್ ಕೊಡಿ ಅಂತ ನನ್ನ ಕಿಟಕಿಯ ಮುಂದೆ ಸಾಲು ನಿಲ್ಲುತ್ತಿತ್ತು.

ಅಲ್ಲಿನ ಹೆಡ್ ಮೆಕ್ಯಾನಿಕ್ ನನ್ನ ಸ್ವಂತ ಅಣ್ಣ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಾಳಿ ಎಳೆಯುವ ಪೈಪನ್ನು ಧೂಳಿಗೆ ಸಿಗದಂತೆ ಕ್ಯಾಬಿನ್ನಿನ ನೆತ್ತಿಗೆ ಏರಿಸಿ, ಫಿಲ್ಟರ್ ಡಬ್ಬಿಯನ್ನೂ ಮೇಲಕ್ಕೆ ಕೂರಿಸಿದ. ಮೊದಲು ನಮ್ಮನೆಯವರು ಓಡಿಸುವ ಲಾರಿಗೆ, ಆಮೇಲೆ ಉಳಿದವಕ್ಕೆಲ್ಲ. ಅಂದಿನಿಂದ ಒಂದು ದೀಪವೂ ಕೆಂಪಾಗಲಿಲ್ಲ. ಧಣಿಗಳು ಬೆನ್ನು ತಟ್ಟಿದರು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಎದುರಿಗಿದ್ದವರ ಮುಖ ಕಾಣದಷ್ಟು ಧೂಳೆದ್ದ ದಿನಗಳಲ್ಲೂ ನನ್ನ ಕಿಟಕಿಗೆ ಯಾರೂ ಬರಲಿಲ್ಲ. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ನಿಂತಿದ್ದ ಖಾಲಿ ಲಾರಿ ಹತ್ತಿ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದೆ. ಫಿಲ್ಟರ್ ಆಗಷ್ಟೇ ಒಗೆದು ಒಣಗಿಸಿದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಮುಚ್ಚಳ ಕೈಯಲ್ಲೇ ಹಿಡಿದು ಅಣ್ಣನನ್ನು ಕೂಗಿ ಕರೆದೆ.

ನಮ್ಮನೆಯವರು ಆ ಹೊತ್ತಿಗೆ ಗಣಿಯ ತಳದಲ್ಲಿ ಲೋಡ್ ತುಂಬಿಸಿಕೊಳ್ಳುತ್ತಿದ್ದರು. ಅಲ್ಲಿಂದ ಮೇಲೆ ಬರುವ ದಾರಿ ಒಂದೇ ಲಾರಿಯಷ್ಟು ಅಗಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ.

“ಅಣ್ಣಾ, ಇದಕ್ಕೆ ಧೂಳೇ ಹಿಡಿದಿಲ್ಲ ಕಣೋ.”

“ಹಿಡೀಬಾರದು ಅಂತಾನೇ ತಾನೆ ನಾನು ಇಷ್ಟೆಲ್ಲಾ ಒದ್ದಾಡಿದ್ದು?”

“ಊರಿಗೆಲ್ಲ ಇರೋ ಧೂಳು ಇದಕ್ಕೊಂದಕ್ಕೆ ಇಲ್ವಾ? ಇಂಜಿನ್ನು ಬೇರೆ ಎಲ್ಲಿಂದಲೋ ಗಾಳಿ ಎಳ್ಕೊಳ್ತಿದೆ. ಅವರಿಗೆ ಲಾರಿ ಬಿಟ್ಟು ಬರೋಕೆ ಹೇಳು.”

“ಗಂಡನ ಮುಖ ನೋಡ್ಬೇಕು ಅನ್ಸಿದ್ರೆ ನೇರವಾಗಿ ಹೇಳಮ್ಮ,” ಎಂದು ಅಣ್ಣ ನಕ್ಕ. “ಲೋಡ್ ತಗೊಂಡು ಭಾವನೇ ಬರ್ತಾರೆ. ನಿನ್ನ ಅನುಮಾನಕ್ಕೆ ಈಗ್ಲೇ ಮದ್ದು ಕೊಡ್ತೀನಿ, ನೋಡು.”

ಆ ಖಾಲಿ ಲಾರಿಯನ್ನು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತುಳಿದ. ಇಂಜಿನ್ ಅಬ್ಬರಿಸಿತು. ಕಾಲು ತೆಗೆದ, ಸದ್ದು ಇಳಿಯಲಿಲ್ಲ. ಕೀ ತಿರುಗಿಸಿ ಕೈಗೇ ತೆಗೆದುಕೊಂಡ. ಸದ್ದು ಇನ್ನೂ ಏರಿತು. ಶೆಡ್ಡಿನ ತುಂಬ ನೀಲಿ ಹೊಗೆ. ಒಳನುಗ್ಗಿದ ಧೂಳು, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋವನ್ನು ಅರೆದುಹಾಕಿದರೆ ಇಂಜಿನ್ ತನ್ನದೇ ಆಯಿಲ್ ಕುಡಿದು ಓಡತೊಡಗುತ್ತದೆ. ಆಗ ಅದಕ್ಕೆ ಡೀಸೆಲ್ ಬೇಡ, ಕೀ ಬೇಡ, ಡ್ರೈವರೂ ಬೇಡ. ಗಾಳಿಯ ದಾರಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ.

ಅದು ಅಣ್ಣನಿಗೂ ಗೊತ್ತು. ಕ್ಯಾಬಿನ್ ಮೇಲೆ ಹತ್ತಿ, ರಬ್ಬರ್ ಮ್ಯಾಟನ್ನು ಪೈಪಿನ ಬಾಯಿಗೆ ಅದುಮಿ ಹಿಡಿದ. ಇಂಜಿನ್ ಕಿರುಚುತ್ತಲೇ ಇತ್ತು.

“ಬಾಯಿ ಮುಚ್ಚಿದೀನಲ್ಲೇ! ಇದು ಎಲ್ಲಿಂದ ಉಸಿರಾಡ್ತಿದೆ?” ಅಂತ ಮೇಲಿನಿಂದ ಕೂಗಿದ.

ನಾನೂ ಅದನ್ನೇ ಕೇಳಿದ್ದೆ, ಮಹಾಶಯ ನಕ್ಕಿದ್ದ. ಮೈಯೆಲ್ಲ ಉರಿದುಹೋಯಿತು, ಆದರೆ ಬೈಯಲು ಪುರುಸೊತ್ತಿರಲಿಲ್ಲ. ಒದ್ದೆ ಗೋಣಿಚೀಲ ಎಳೆದುಕೊಂಡು ಕ್ಯಾಬಿನ್ನಿನ ಹಿಂದೆ ನುಸುಳಿದೆ. ಫಿಲ್ಟರ್ ಡಬ್ಬಿಯಿಂದ ಇಂಜಿನ್ನಿಗೆ ಇಳಿಯುವ ರಬ್ಬರ್ ಪೈಪು ಹಳೆಯದೇ. ಡಬ್ಬಿ ಮೇಲೇರಿದಾಗ ಅಣ್ಣ ಅದನ್ನೇ ಎಳೆದು ಸಿಕ್ಕಿಸಿದ್ದ. ಯಾರ ಕಣ್ಣಿಗೂ ಬೀಳದ ಅಡಿಭಾಗದಲ್ಲಿ ಅದು ಅಂಗೈ ಅಗಲ ಹರಿದಿತ್ತು. ಗೋಣಿಚೀಲ ಸುತ್ತಿ ಬಿಗಿಯಾಗಿ ಹಿಡಿದೆ. ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ಅಣ್ಣ ಇಳಿದು ಬಂದು ಆ ಹರಕನ್ನು ನೋಡಿದ.

“ಎಲ್ಲಾದಕ್ಕೂ ಹೀಗೇ ಎಳೆದು ಹಾಕಿದೀನಿ,” ಎಂದ. “ಭಾವನದೇ ಮೊದಲನೇದು.”

ಫೋನ್ ಮಾಡಿದೆ. ನಮ್ಮನೆಯವರು ಎತ್ತಿದರು.

“ರೀ, ಲಾರಿ ಬಿಟ್ಟು ಇಳೀರಿ! ಈಗ್ಲೇ!”

“ಏನೇ? ಒಂದೂ ಕೇಳಿಸ್ತಿಲ್ಲ. ಅರ್ಧ ಏರು ಹತ್ತಿದೀನಿ.” ಅವರು ನಗುತ್ತಿದ್ದರು. “ನಿಮ್ಮಣ್ಣಂಗೆ ಹೇಳು, ಗಾಡಿಗೆ ಇವತ್ತು ಭಾರಿ ಶಕ್ತಿ ಬಂದ್ಬಿಟ್ಟಿದೆ. ಲೋಡ್ ಇದ್ರೂ ಆಕ್ಸಿಲರೇಟರ್ ತುಳೀದೇನೇ ಹತ್ತುತ್ತಿದೆ.”