ಹಾರಿಹೋದ ಚಪ್ಪರ, ಉಳಿದ ಟೈಲರಣ್ಣ

ರಜೆ ಬಂದರೆ ಸಾಕು, ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಒಳಗೇ ಇರುವ ಮನೆವ್ಯಾನು ಹತ್ತಿ ಕೆರೆಯ ದಡಕ್ಕೆ ಹೊರಡುವವರು ಎಷ್ಟು ಜನ! ನಮ್ಮ ಟೈಲರಣ್ಣನೂ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ವ್ಯಾನಿನ ಪಕ್ಕಕ್ಕೆ ಬಿಚ್ಚಿ ನೆರಳು ಮಾಡಿಕೊಳ್ಳುವ ಬಟ್ಟೆಯ ಚಪ್ಪರವನ್ನು ತಾನೇ ಹೊಲಿದಿದ್ದ. ಅಂಚಿಗೆಲ್ಲ ಹೊಲಿಗೆಯ ಮೇಲೆ ಹೊಲಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಬೆಳಗಿನಿಂದ ಅದರ ಕೆಳಗೇ ಕೂತಿದ್ದ.

ಮಧ್ಯಾಹ್ನ ಮರದ ತುದಿಗಳು ತೂಗಾಡತೊಡಗಿದವು. ಪಕ್ಕದ ವ್ಯಾನಿನಲ್ಲಿದ್ದ ಶಾಲೆಯ ಡ್ರಿಲ್ ಮೇಡಂ ತಮ್ಮ ಚಪ್ಪರ ಸುತ್ತಿಟ್ಟು ಬಂದರು.

“ಟೈಲರಣ್ಣ, ಗಾಳಿ ಜೋರಾಗ್ತಿದೆ. ಚಪ್ಪರ ಸುತ್ತಿಬಿಡಿ. ಕಿಟಕಿ, ಚಾವಣಿ ಕಿಂಡಿ ಮುಚ್ಚಿ. ವ್ಯಾನಿನ ಮೂತಿ ಗಾಳಿ ಕಡೆ ತಿರುಗಿಸಿ, ಪಕ್ಕಕ್ಕೆ ಹೊಡೆದ್ರೆ ಕಷ್ಟ.”

“ಅಯ್ಯೋ ಮೇಡಂ, ಆನೆ ಜಗ್ಗಿದ್ರೂ ನನ್ನ ಹೊಲಿಗೆ ಬಿಚ್ಚಲ್ಲ!”

“ಸುತ್ತೋಕೆ ಎಷ್ಟೊತ್ತು ರೀ?” ಎಂದಳು ಹೆಂಡತಿ.

“ಸುಮ್ನಿರೇ. ಗಾಳಿ ಬಂತು ಅಂತ ಯಾರಾದ್ರೂ ಅಂಗಿ ಬಿಚ್ಚಿಡ್ತಾರಾ?”

ಅವನ ಮಾತೇನೂ ಸುಳ್ಳಾಗಲಿಲ್ಲ. ಗಾಳಿ ಚಪ್ಪರದಡಿ ನುಗ್ಗಿ ಮೇಲಕ್ಕೆತ್ತಿದಾಗ ಒಂದು ಹೊಲಿಗೆಯೂ ಬಿಚ್ಚಲಿಲ್ಲ. ಬಟ್ಟೆ ಹರಿಯಲಿಲ್ಲವೆಂದು ಗಾಳಿ ಸುಮ್ಮನಿದ್ದೀತೇ? ಚಪ್ಪರ ಕಟ್ಟಿದ್ದ ಕಂಬಿಯನ್ನೂ, ಚಾವಣಿ ಅಂಚಿನ ತಗಡನ್ನೂ ಸೇರಿಸಿ ಕಿತ್ತಿತು. ಚಪ್ಪರ ವ್ಯಾನಿನ ನೆತ್ತಿಯ ಮೇಲೆ ಬಿದ್ದು ಪಟಪಟ ಬಡಿಯತೊಡಗಿತು.

“ಅಯ್ಯಯ್ಯೋ, ನನ್ನ ಚಪ್ಪರ!” ಟೈಲರಣ್ಣ ವ್ಯಾನಿನ ಹಿಂದಿನ ಏಣಿ ಹತ್ತಿಯೇಬಿಟ್ಟ. ಕಂಬಿಯೊಂದು ಅವನ ಕಿವಿಯ ಪಕ್ಕದಲ್ಲೇ ಬೀಸಿ ಹೋಯಿತು. ಹೆಂಡತಿ ಓಡಿಬಂದು ಪ್ಯಾಂಟು ಹಿಡಿದು ಜಗ್ಗಿದಳು. ಅದೂ ಅವನೇ ಹೊಲಿದದ್ದು. ಹರಿಯಲಿಲ್ಲ, ಅವನೇ ಇಳಿಯಬೇಕಾಯಿತು.

“ವ್ಯಾನ್ ಹೋದ್ರೆ ಇನ್ನೊಂದು ತರಬಹುದು! ನಿಮ್ಮನ್ನ ಪಳಗಿಸೋಕೇ ಅರ್ಧ ಆಯಸ್ಸು ಹೋಯ್ತು. ಇನ್ನೊಬ್ಬರನ್ನ ಪಳಗಿಸೋ ಶಕ್ತಿ ನನಗಿಲ್ಲ!” ಬೈಯುತ್ತಲೇ ಅತ್ತುಬಿಟ್ಟಳು. ಆಗಲೇ ಟೈಲರಣ್ಣನಿಗೂ ಭಯವಾದದ್ದು.

“ಗ್ಯಾಸ್ ಬಂದ್ ಮಾಡಿ, ಅಲ್ಲಿ ಕಾಣೋ ಗಾರೆ ಕಟ್ಟಡದೊಳಗೆ ನಡೀರಿ. ಗಾಳಿ ನಿಲ್ಲೋವರೆಗೂ ಯಾರೂ ವ್ಯಾನ್ ಹತ್ತಂಗಿಲ್ಲ!” ಮೇಡಂ ಪೀಪಿ ಊದಿದರು.

ಗಾಳಿ ನಿಂತ ಮೇಲೆ ಟೈಲರಣ್ಣ ಸೂಜಿ ದಾರ ಹಿಡಿದು ಬಂದ.

“ತೇಪೆ ಆಮೇಲೆ,” ಎಂದರು ಮೇಡಂ. “ಮೊದಲು ಫೋಟೋ ತೆಗೀರಿ, ಇನ್ಶೂರೆನ್ಸ್‌ನವರಿಗೆ ತೋರಿಸಬೇಕು. ಮಳೆ ಒಳಗೆ ಬರದ ಹಾಗೆ ಟಾರ್ಪಾಲು ಕಟ್ಟಿ. ಜೋತಾಡೋ ಕಂಬಿ ಬಿಚ್ಚದೆ ವ್ಯಾನ್ ಓಡಿಸಬೇಡಿ, ರಸ್ತೇಲಿ ಯಾರಿಗಾದ್ರೂ ಬಡಿದೀತು.”

ಟೈಲರಣ್ಣ ಹೇಳಿದ್ದನ್ನೆಲ್ಲ ಮಾಡಿದ. ಮರುದಿನ ಹೊಸದಾಗಿ ಬಂದವರ ವ್ಯಾನುಗಳಿಗೆಲ್ಲ ತಾನೇ ಹೋಗಿ, “ಚಪ್ಪರ ಸುತ್ರಪ್ಪ, ಚಪ್ಪರ ಸುತ್ತಿ” ಎಂದು ಪ್ರಾಣ ತಿಂದ.

ನೀವೂ ಅಷ್ಟೇ. ಗಾಳಿ ಏಳುವ ಮೊದಲೇ ಚಪ್ಪರ ಸುತ್ತಿಡಿ, ಕಿಂಡಿ ಮುಚ್ಚಿ. ಅಷ್ಟಾದರೂ ಏನಾದರೂ ಹಾರಿತೋ, ಹಾರಲಿ ಬಿಡಿ, ಏಣಿ ಹತ್ತಬೇಡಿ. ನಿಮ್ಮನ್ನು ದಿನಾ ಬೈಯುವವರು ಒಬ್ಬರಿದ್ದಾರಲ್ಲ, ಅವರಿಗೆ ನೀವು ಬೇಕು.