ಲೆಕ್ಕದ ಟೀಚರ್ ನುಂಗಿದ ಆಟದ ಪೀರಿಯಡ್ಡು

ಐದನೇ ಕ್ಲಾಸಿನ ಆಟದ ಪೀರಿಯಡ್ಡು ವೇಳಾಪಟ್ಟಿಯಲ್ಲಿ ಮಾತ್ರ ಇತ್ತು. ಗಂಟೆ ಹೊಡೆದ ಕೂಡಲೇ ಲೆಕ್ಕದ ಟೀಚರ್ ಸೀಮೆಸುಣ್ಣ ಹಿಡಿದು ಒಳಗೆ ಬಂದುಬಿಡುತ್ತಿದ್ದಳು. "ಪೋರ್ಷನ್ ಬಾಕಿ ಇದೆ, ಎಲ್ರೂ ಕೂತ್ಕೊಳ್ಳಿ." ಹಳೆಯ ಆಟದ ಮೇಷ್ಟ್ರು ಬಿಸಿಲಿಗಿಳಿಯುವ ಕಷ್ಟ ತಪ್ಪಿತೆಂದು ಹಾಯಾಗಿ ಟೀ ಕುಡಿಯುತ್ತಿದ್ದರು.

ಪೋರ್ಷನ್ನು ಬರೀ ನೆಪ. ನಿಜವಾದ ಕಾರಣ ಕಿಟಕಿ ಪಕ್ಕದ ಬೆಂಚಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತಿತ್ತು. ಅವಳ ಮಗಳು. ಹುಟ್ಟಿದಾಗ ಹೃದಯದಲ್ಲಿ ಸಣ್ಣದೊಂದು ತೂತಿತ್ತು. ಅದು ತಾನಾಗಿಯೇ ಮುಚ್ಚಿಕೊಂಡು ಎಷ್ಟೋ ಕಾಲವಾಗಿತ್ತು. "ಓಡ್ಲಿ, ಹಾರ್ಲಿ, ಬಿದ್ದು ಮಂಡಿ ತರಚಿಕೊಳ್ಲಿ ಬಿಡಿ," ಎಂದು ಡಾಕ್ಟರು ನಕ್ಕು ಕಳಿಸಿದ್ದರು. ಹಗ್ಗ ಕಂಡರೂ ಹಾವೆನ್ನುವ ಮನಸ್ಸಿಗೆ ಡಾಕ್ಟರ ಮಾತು ನಾಟೀತೆ? ಮಗಳು ಮಲಗಿದ ಮೇಲೆ ಅವಳ ಎದೆಗೆ ಕಿವಿಯಿಟ್ಟು ಕೇಳದೆ ತಾಯಿಗೆ ನಿದ್ದೆಯಿಲ್ಲ. ಅವಳೊಬ್ಬಳನ್ನೇ ಆಟಕ್ಕೆ ಬಿಡದಿದ್ದರೆ ಜನ "ಯಾಕೆ?" ಎಂದು ಕೇಳುತ್ತಾರೆ. ಇಡೀ ಕ್ಲಾಸನ್ನೇ ಕೂರಿಸಿದರೆ ಶಭಾಷ್ ಅನ್ನುತ್ತಾರೆ!

ಈ ವರ್ಷ ಹೊಸ ಆಟದ ಟೀಚರ್ ಬಂದಳು. ಮಕ್ಕಳು ಸೀಟಿ ಮಿಸ್ ಎಂದು ಹೆಸರಿಟ್ಟರು. ಬಂದವಳೇ ಹೆಡ್‌ಮೇಡಂ ಹತ್ತಿರ ಹೋಗಿ, ಆಟದ ಪೀರಿಯಡ್ಡನ್ನು ಯಾರೂ ಮುಟ್ಟಬಾರದೆಂದು ಅಪ್ಪಣೆ ಮಾಡಿಸಿಕೊಂಡಳು.

"ಪರೀಕ್ಷೆ ಹತ್ರ ಬಂತು ಕಣ್ರೀ," ಎಂದಳು ಲೆಕ್ಕದ ಟೀಚರ್.

"ಪರೀಕ್ಷೆ ಯಾವತ್ತು ದೂರ ಇತ್ತು ಮೇಡಂ?" ಸೀಟಿ ಮಿಸ್ ನಕ್ಕು ಮೈದಾನಕ್ಕೆ ನಡೆದಳು.

ಲೆಕ್ಕದ ಟೀಚರ್ ಸ್ಟಾಫ್ ರೂಮಿನ ಕಿಟಕಿಗೆ ಅಂಟಿಕೊಂಡಳು. ಕೆಳಗೆ ಮಕ್ಕಳು ಮೈದಾನ ಸುತ್ತಲು ಸಾಲಾಗಿ ನಿಂತಿದ್ದರು. ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆಯಾಯಿತು. ಸೀಟಿ ಕೂಗಿತು. ಮಕ್ಕಳು ಓಡಿದರು. ಮರಗಳ ಮರೆಯಲ್ಲಿ ಯಾರ ಮುಖವೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಲ್ಲೊಂದು ಮಗು ಕುಸಿದು ಕೂತಿತು.

ಲೆಕ್ಕದ ಟೀಚರ್ ಕೆಳಗೆ ಓಡಿದಳು. ಮೆಟ್ಟಿಲಿಳಿಯುವಾಗ ಒಂದು ಚಪ್ಪಲಿ ಎಲ್ಲಿ ಕಳಚಿತೋ ದೇವರೇ ಬಲ್ಲ. ನೀನೇ ಕಾಪಾಡಪ್ಪಾ ಎಂದು ಬಾಯಿ ಬಡಬಡಿಸುತ್ತಿತ್ತು.

ಕೂತಿದ್ದವನು ಗುಂಡ. ಲೆಕ್ಕದಲ್ಲಿ ಯಾವಾಗಲೂ ಮೊದಲಿಗ. ಮುಖ ಕೆಂಪಾಗಿ ನಾಯಿಯಂತೆ ತೇಕುತ್ತಿದ್ದ. ಅವನ ಪಕ್ಕ ಒಬ್ಬಳು ಪಕ್ಕೆ ಹಿಡಿದುಕೊಂಡು ಬಗ್ಗಿದ್ದಳು. ಇನ್ನೊಬ್ಬ ಅಂಗಾತ ಮಲಗಿಬಿಟ್ಟಿದ್ದ. ಮೈದಾನದುದ್ದಕ್ಕೂ ಅವಳ ಶಿಷ್ಯರೇ ಕುಸಿದು ಬಿದ್ದಿದ್ದರು.

"ನನ್ ಮಗಳೆಲ್ಲಿ?"

ಸೀಟಿ ಮಿಸ್ ಕೈ ತೋರಿಸಿದಳು. ದೂರದ ಗೋಲ್ ಕಂಬದ ಹತ್ತಿರ ಎರಡು ಜಡೆ ಹಾರಿಸುತ್ತಾ ಒಬ್ಬಳೇ ಓಡಿಬರುತ್ತಿದ್ದಳು. ಅಮ್ಮನನ್ನು ಕಂಡು ಸಿಕ್ಕಿಬಿದ್ದ ಕಳ್ಳಿಯಂತೆ ನಿಂತಳು.

"ಇದೆಲ್ಲಿ ಕಲ್ತೆ?"

"ಊಟದ ಬೆಲ್ ಆದ್ಮೇಲೆ ನೀರಿನ ಟ್ಯಾಂಕ್ ಹಿಂದೆ ದಿನಾ ಓಡ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹೆದರ್ಕೋತೀಯಲ್ಲಮ್ಮ."

ಅವಳು ಅಲ್ಲೇ ಮಂಡಿಯೂರಿ, ಎಲ್ಲರೆದುರಿಗೇ ಮಗಳ ಎದೆಗೆ ಕಿವಿಯಿಟ್ಟಳು. ಜೋರಾಗಿ, ಒಂದೇ ಲಯದಲ್ಲಿ ಬಡಿಯುತ್ತಿತ್ತು. ಅವಳಿಗೆ ಅಳು ಬಂತು.

ಅಷ್ಟರಲ್ಲಿ ಗುಂಡ ನೆಲದಿಂದಲೇ ಕೈ ಮುಗಿದ. "ಟೀಚರ್, ಮುಂದಿನ್ ಸಲ ನೀವೇ ಬನ್ನಿ. ಲೆಕ್ಕಾನೇ ಮಾಡೋಣ. ಓಡೋದು ಬೇಡ."

"ಹೂಂ ಟೀಚರ್, ಲೆಕ್ಕಾನೇ!" ಎಂದರು ಉಳಿದವರು.

ಇಷ್ಟು ವರ್ಷದ ಕೆಲಸದಲ್ಲಿ ಯಾವ ಮಗುವೂ ಅವಳನ್ನು ಲೆಕ್ಕ ಮಾಡಿಸಿ ಎಂದು ಬೇಡಿಕೊಂಡಿರಲಿಲ್ಲ. ಈಗ ಕೇಳಿ ಅವಳಿಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ತನ್ನದೊಂದು ಕೂಸನ್ನು ಕಾಯಲು ಹೋಗಿ ಊರ ಮಕ್ಕಳ ಕಾಲೆಲ್ಲ ಕಟ್ಟಿಹಾಕಿದ್ದಳು. ಆ ಕೂಸೋ, ಯಾವತ್ತೋ ತಪ್ಪಿಸಿಕೊಂಡಿತ್ತು.

"ಲೆಕ್ಕ ಇಲ್ಲ," ಎಂದು ಉಳಿದ ಚಪ್ಪಲಿಯನ್ನೂ ಕಳಚಿದಳು. "ಏಳೋ ಗುಂಡ, ಕೈ ಹಿಡ್ಕೋ. ನಾನೂ ಬರ್ತೀನಿ."

ಮೊದಲ ತಿರುವಿಗೇ ಅವಳ ಉಸಿರು ಮೇಲೆ ಕೆಳಗಾಯಿತು. ಮಗಳು ವೇಗ ತಗ್ಗಿಸಿ ಪಕ್ಕಕ್ಕೆ ಬಂದು, ತಲೆ ಓರೆ ಮಾಡಿ, ಅಮ್ಮನ ಉಸಿರಿಗೆ ಕಿವಿಗೊಟ್ಟಳು.

"ನಿಧಾನಕ್ಕಮ್ಮ," ಎಂದಳು. "ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡು. ನಾನಿದ್ದೀನಲ್ಲ."